ಮಂಚದ ತಳಕ್ಕೆ ಬಣ್ಣ ಬಳಿದ ಬೇಸಿಗೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನನಗೆ ಒಂಬತ್ತು ವರ್ಷ ಎಂದುಕೊಂಡಿದ್ದೇನೆ. ಅಣ್ಣ ಗಿರೀಶ ಹತ್ತು ಎನ್ನುತ್ತಾನೆ. ನಮ್ಮ ಮನೆಯ ಕೂಲರಿನ ಬಣ್ಣ ಹಸಿರು ಎಂದು ನಾನು, ಬೂದು ಎಂದು ಅವನು. ಮೊದಲೆಲ್ಲ ಇಂಥದಕ್ಕೆ ಜಗಳವಾಡುತ್ತಿದ್ದೆ, ಈಗ ಡೈರಿಯಲ್ಲಿ ಎರಡನ್ನೂ ಬರೆದುಕೊಳ್ಳುತ್ತೇನೆ. ಆದರೆ ಮಧ್ಯಾಹ್ನವೆಂದರೆ ಕೂಲರಿನ ಒದ್ದೆ ಲಾವಂಚದ ವಾಸನೆ ಎಂದೇ ಅರ್ಥವಿದ್ದ ಆ ದಿನಗಳಲ್ಲಿ, ನಾವು ಮೂವರು ಮಕ್ಕಳು ಅಜ್ಜನ ಮಂಚದ ಕೆಳಗೆ ಅಂಗಾತ ಮಲಗಿ ಒಂದು ಬೇಸಿಗೆ ಕಳೆದದ್ದಂತೂ ನಿಜ. ಅದರಲ್ಲಿ ಗಿರೀಶನಿಗೂ ತಕರಾರಿಲ್ಲ.

ಮನೆ ಇದ್ದದ್ದು ಹೈದರಾಬಾದಿನ ಸುಲ್ತಾನ್ ಬಜಾರಿನ ಹಿಂದಿನ ಓಣಿಯಲ್ಲಿ. ಕಲಬುರಗಿ ಕಡೆಯಿಂದ ಬಂದಿದ್ದ ಅಜ್ಜ ಬಜಾರಿನಲ್ಲಿ ಟವೆಲು, ಲುಂಗಿ, ಚಾದರಗಳ ಅಂಗಡಿ ನಡೆಸುತ್ತಿದ್ದರು. ಅಪ್ಪನ ತಂಗಿ ಸುಮತಿ ಅತ್ತೆ ಆ ವರ್ಷ ಚಿತ್ರಕಲೆಯ ಕೋರ್ಸು ಮುಗಿಸಿ, ಮನೆಯಲ್ಲೇ ಮಕ್ಕಳಿಗೆ ಕ್ಲಾಸು ನಡೆಸುತ್ತೇನೆಂದು ಹಟ ಹಿಡಿದಿದ್ದಳು. ಅಜ್ಜನಿಗೆ ಅದು ಕೆಲಸವೆಂದೇ ಅನಿಸಿರಲಿಲ್ಲ.

"ಚಿತ್ರಾ ತಗದು ಯಾರ ಮನಿ ನಡದೈತಿ? ಟೈಪಿಂಗ್ ಕಲಿ" ಎಂದಿದ್ದರು.

ಅತ್ತೆ ಊಟ ಬಿಟ್ಟಳೋ ಮಾತು ಬಿಟ್ಟಳೋ ಗೊತ್ತಿಲ್ಲ, ಕೊನೆಗೆ ಅಜ್ಜ ಆ ಒಂದು ಬೇಸಿಗೆಯ ಮಟ್ಟಿಗೆ ಒಪ್ಪಿದರು. ಷರತ್ತು ಹಾಕಿಯೇ ಒಪ್ಪಿದರು.

"ನೋಡವ್ವಾ, ಗ್ವಾಡಿಗೆ ಒಂದು ಹನಿ ಬಣ್ಣ ಹತ್ತಬಾರದು. ಪರಸಿಗೆ ಹತ್ತಬಾರದು. ಹತ್ತಿದ ದಿನಾನ ಕ್ಲಾಸು ಬಂದ್. ಮರುದಿನ ಟೈಪಿಂಗಿಗೆ ಹೆಸರು ಹಚ್ಚತೀನಿ."

"ಆತ್ರಿ ಅಪ್ಪಾ."

ಗ್ವಾಡಿ ಎಂದರೆ ಗೋಡೆ, ಪರಸಿ ಎಂದರೆ ನೆಲಕ್ಕೆ ಹಾಸಿದ್ದ ಶಹಾಬಾದಿನ ಕಲ್ಲು. ಕ್ಲಾಸಿನಲ್ಲಿ ಇದ್ದವರು ನಾನು, ಗಿರೀಶ ಮತ್ತು ಪಕ್ಕದ ಮನೆಯ ರೇಷ್ಮಾ. ಮೂವರೂ ಎದುರಿಗೇ ಕೂತಿದ್ದರೂ ಅತ್ತೆ ದಿನಾ ಹಾಜರಿ ಕೂಗುತ್ತಿದ್ದಳು. ನಾವೂ ಎದ್ದು ನಿಂತು "ಹಾಜರ್ ರೀ ಟೀಚರ್" ಎನ್ನಬೇಕಿತ್ತು.

ಒಂದು ದಿನ ಅತ್ತೆ ಪುಸ್ತಕವೊಂದನ್ನು ಬಿಡಿಸಿ, ಪರದೇಶದ ದೊಡ್ಡ ಪ್ರಾರ್ಥನಾಮಂದಿರದ ಚಾವಣಿಯನ್ನು ತೋರಿಸಿದಳು. ಪೈಲ್ವಾನರಂಥ ಗಂಡಸರು, ಗಾಳಿಯಲ್ಲಿ ತೇಲುವ ಬಿಳಿಗಡ್ಡದ ಮುದುಕ, ಇನ್ನೇನು ತಾಗಲಿರುವ ಎರಡು ಬೆರಳು.

"ಇದನ್ನ ಬರದಾತ ಲೋಕಕ್ಕೆಲ್ಲ ಹೆಸರಾದ ಚಿತ್ರಗಾರ. ಅಟ್ಟಣಿಗಿ ಮ್ಯಾಲೆ ಅಂಗಾತ ಮಲಕೊಂಡು ವರ್ಷಾನುಗಟ್ಲೆ ಬರದಾನ. ಬಣ್ಣ ಕಣ್ಣಾಗ ಬೀಳ್ತಿತ್ತಂತ. ಆದ್ರೂ ಬಿಡಲಿಲ್ಲ."

ಆ ಚಿತ್ರಕಾರನ ಹೆಸರು ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಛತ್ತಿಗೆ, ಅಂದರೆ ಚಾವಣಿಗೆ, ಬಣ್ಣ ಬಳಿದವನೆಂದು ಗಿರೀಶ ಅವನನ್ನು 'ಛತ್ತಿನ ಕಾಕಾ' ಎಂದು ಕರೆದ. ಅದೇ ಉಳಿಯಿತು.

"ನಾವೂ ಮಲಕೊಂಡು ಬರಿಯೂಣು" ಎಂದಳು ಅತ್ತೆ.

"ಛತ್ತು ಎಲ್ಲೈತಿ ಅತ್ತಿ? ಫ್ಯಾನು ತಲಿ ಹಾರಸ್ತೈತಿ" ಎಂದ ಗಿರೀಶ.

"ಅಜ್ಜನ ಮಂಚದ ಬುಡಕ ಐತಿ, ಬಾ."

ಅಜ್ಜನ ಮಂಚ ಸಾಗವಾನಿಯದು. ಕೆಳಗೆ ಎರಡು ಟ್ರಂಕು ಹಿಡಿಸುವಷ್ಟು ಎತ್ತರ. ಅಜ್ಜ ಅಂಗಡಿಗೆ ಹೋದ ಮೇಲೆ ಟ್ರಂಕು ಎಳೆದು, ನೆಲಕ್ಕೆ ಹಳೇ ಚಾದರ ಹಾಸಿ, ಮಂಚದ ತಳಕ್ಕೆ ಮೈದಾ ಅಂಟಿನಿಂದ ಡ್ರಾಯಿಂಗ್ ಹಾಳೆ ಹಚ್ಚಿದೆವು. ಬೆನ್ನ ಕೆಳಗೆ ತಣ್ಣನೆಯ ಕಲ್ಲು, ಮೂಗಿನ ಮೇಲೆ ಬಿಳಿ ಹಾಳೆ. ಅಷ್ಟು ಸುಖದ ಶಾಲೆಯನ್ನು ನಾನು ಆಮೇಲೆ ಕಾಣಲಿಲ್ಲ.

ಆದರೆ ಕೂಲರಿನ ಒದ್ದೆ ಗಾಳಿಗೆ ಅಂಟು ಹಿಡಿಯಲಿಲ್ಲ. ಹಾಳೆ ಮೆಲ್ಲಗೆ ಜೋತುಬಿದ್ದು, ಗಿರೀಶನ ಹಸಿ ಆನೆ ಸೀದಾ ಅವನ ಮುಖದ ಮೇಲೆ ಬಿತ್ತು.

"ಅತ್ತೀ! ಆನಿ ಮಾರಿ ಮ್ಯಾಲೆ ಕುಂತೈತಿ!"

ಕೆನ್ನೆಯ ಮೇಲೆ ಆನೆಯ ಕಿವಿ ಹೊತ್ತು ಹೊರಗೆ ಬಂದ ಅವನನ್ನು ನೋಡಿ ರೇಷ್ಮಾ ನಕ್ಕು ನಕ್ಕು ಬಿಕ್ಕಳಿಕೆ ತರಿಸಿಕೊಂಡಳು. ಮರುದಿನವೂ ಅದೇ ಕಥೆ. ಆಮೇಲೆ ಹಾಳೆಯ ಗೊಡವೆಯೇ ಬೇಡವೆಂದು ನೇರ ಕಟ್ಟಿಗೆಯ ಮೇಲೇ ಬರೆಯತೊಡಗಿದೆವು. ಹಾಗೆ ಯಾರು ಹೇಳಿದರು? ಅತ್ತೆಯೇ "ಗ್ವಾಡಿ ಅಲ್ಲ, ಪರಸಿನೂ ಅಲ್ಲ" ಎಂದು ಕಣ್ಣು ಮಿಟುಕಿಸಿದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಅತ್ತೆ ಆಗ ಅಡುಗೆಮನೆಯಲ್ಲಿದ್ದಳು, ಹೇಳಿದವಳು ನೀನೇ ಎನ್ನುತ್ತಾನೆ ಗಿರೀಶ. ಇಷ್ಟು ಸ್ಪಷ್ಟವಾಗಿ ಕಾಣುವುದನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ.

ಬಣ್ಣ ಕಣ್ಣಿಗೆ ಬೀಳದಿರಲೆಂದು ರೇಷ್ಮಾ ತನ್ನ ಅಣ್ಣನ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಅದರೊಳಗಿಂದ ಎಲ್ಲ ಬಣ್ಣವೂ ಒಂದೇ. ಕಂದು ಕುದುರೆ ಬರೆದೆನೆಂದು ಹೊರಗೆ ಬಂದು ಕನ್ನಡಕ ತೆಗೆದರೆ ಕುದುರೆ ಅಚ್ಚ ನೀಲಿ. ನಾನು ಮಾವಿನ ಮರ ಬರೆಯುತ್ತಿದ್ದೆ. ಹನ್ನೊಂದು ಗಂಟೆಗೆ ಅಮ್ಮ ಹಸಿಮಾವು ಹೆಚ್ಚಿ ಹಾಕಿದ ಚುರುಮುರಿ ಕೊಡುತ್ತಿದ್ದಳು. ಬಣ್ಣದ ಕೈಯಲ್ಲೇ ತಿನ್ನುತ್ತಿದ್ದೆವು. ಪೋಸ್ಟರ್ ಕಲರಿನ ಆ ಮಣ್ಣಿನಂಥ ರುಚಿ ಬಾಯಿಗೆ ಹಿತವಾಗಿಯೇ ಇತ್ತು.

ಮಧ್ಯಾಹ್ನ ಅಜ್ಜ ಊಟಕ್ಕೆ ಬರುವಷ್ಟರಲ್ಲಿ ಟ್ರಂಕುಗಳು ಮತ್ತೆ ಒಳಗೆ. ಅವರು ಸೀಕರಣೆ ಪೂರಿ ಉಂಡು, ಮಂಚದ ಮೇಲೆ ಉರುಳಿ ಗೊರಕೆ ಹೊಡೆಯುವಾಗ, ಕೆಳಗೆ ನಮ್ಮ ಆನೆ ಕುದುರೆಗಳು ಒಣಗುತ್ತಿದ್ದವು. ನಾವು ಬಾಗಿಲಲ್ಲಿ ಕೂತು ಒಬ್ಬರನ್ನೊಬ್ಬರು ಚಿವುಟುತ್ತಿದ್ದೆವು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಕೂಲರು ಗಪ್ಪಾಯಿತು. ಅಜ್ಜ ಸ್ವಲ್ಪ ಹೊತ್ತು ಟವೆಲಿನಿಂದ ಗಾಳಿ ಹಾಕಿಕೊಂಡರು, "ಶಿವನೇ, ಸುಡಾಕತ್ತೈತಿ" ಎನ್ನುತ್ತ ಕೆಳಗಿಳಿದು ಬರೀ ನೆಲದ ಮೇಲೆ ಮಲಗಿದರು. ಅಲ್ಲಿಯೂ ತಂಪು ಸಾಲಲಿಲ್ಲವೇನೋ, ಒಂದು ಟ್ರಂಕನ್ನು ಕಾಲಿನಿಂದ ದೂಡಿ, ಮಂಚದ ಕೆಳಗಿನ ತಣ್ಣನೆಯ ಕಲ್ಲಿಗೆ ಸರಿದರು. ಮೊದಲು ತಲೆ, ಆಮೇಲೆ ಹೊಟ್ಟೆ ಒಳಗೆ ಹೋಯಿತು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ.

ಗಿರೀಶ ಓಡಿಹೋಗಿ ಅತ್ತೆಯನ್ನು ಕರೆತಂದ. ಒದ್ದೆ ಕೈಯಲ್ಲೇ ಬಂದ ಅತ್ತೆ ಬಾಗಿಲಲ್ಲಿ ನಿಂತುಬಿಟ್ಟಳು. ಪಾದಗಳು ಅಲ್ಲಾಡಲಿಲ್ಲ.

"ಸುಮತೀ" ಎಂದು ಮಂಚದ ಕೆಳಗಿಂದ ದನಿ ಬಂತು.

"ಅಪ್ಪಾ."

"ನಾ ಏನ ಹೇಳಿದ್ದೆ?"

"ಗ್ವಾಡಿಗೆ ಹತ್ತಬಾರದು, ಪರಸಿಗೆ ಹತ್ತಬಾರದು ಅಂದಿದ್ರಿ."

"ಹತ್ತೇತೇನು?"

"ಇಲ್ರಿ."

ಅತ್ತೆ ನನ್ನ ಭುಜ ಹಿಡಿದಿದ್ದಳು. ಆ ಬಿಗಿ ಇನ್ನೂ ನೆನಪಿದೆ. ಟೈಪಿಂಗ್ ಯಂತ್ರದ ಟಕಟಕ ನನಗೆ ಅಲ್ಲಿಯೇ ಕೇಳತೊಡಗಿತ್ತು.

"ಈ ಕುದುರಿ ಯಾಕ ನೀಲಿ ಐತಿ?"

ರೇಷ್ಮಾ ಮುಂದೆ ಬಂದು, ಆ ಪಾದಗಳನ್ನೇ ನೋಡುತ್ತ ಹೇಳಿದಳು: "ಕ್ಯಾ ಕರೂಂ ನಾನಾ, ಕಾಲೇ ಚಷ್ಮೆ ಮೇ ರಂಗ್ ದಿಖಾಇಚ್ ನೈ." ಕಪ್ಪು ಕನ್ನಡಕದಲ್ಲಿ ಅವಳಿಗೆ ಬಣ್ಣವೇ ಕಂಡಿರಲಿಲ್ಲ.

ಪಾದಗಳು ಕುಲುಕಿದವು. ಅಜ್ಜ ನಗುತ್ತಿದ್ದಾರೆಂದು ತಿಳಿಯಲು ನಮಗೆ ತುಸು ಹೊತ್ತು ಹಿಡಿಯಿತು.

ನಗು ನಿಂತ ಮೇಲೆ ಮಲಗಿದಲ್ಲಿಂದಲೇ ವಿಚಾರಣೆ. ಈ ಆನೆ ಯಾರದು, ಮರ ಯಾರದು, ಮಾವಿನಕಾಯಿಯೋ ಬದನೆಕಾಯಿಯೋ. ಕೊನೆಗೆ ಅಂದರು: "ನಾಳಿಂದ ಲಗೂನ ಸುರು ಮಾಡ್ರಿ. ನಾ ಬರೂದ್ರಾಗ ಬಣ್ಣಾ ಒಣಗಿರಬೇಕು. ವಾಸನಿ ಬಂದ್ರ ನನಗ ನಿದ್ದಿ ಹತ್ತೂದಿಲ್ಲ."

ಅಂದರೆ ಕ್ಲಾಸು ಬಂದ್ ಆಗಲಿಲ್ಲ. ಅತ್ತೆ ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಜೋರಾಗಿ ಹಾಡತೊಡಗಿದಳು. ಟೈಪಿಂಗಿನ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಕರೆಂಟು ಇದ್ದ ದಿನವೂ ಅಜ್ಜ "ಕೆಳಗ ಭಾಳ ತಂಪು" ಎಂದು ಮಂಚದ ಬುಡಕ್ಕೇ ಸರಿಯತೊಡಗಿದರು. ಮನೆಗೆ ಬಂದ ವ್ಯಾಪಾರಿಗಳಿಗೂ ಬಿಡುಗಡೆ ಇರಲಿಲ್ಲ. "ಒಳಗ ಹೋಗ್ರಿ ಸಾವಕಾರ್ರ, ನಾಚಬ್ಯಾಡ್ರಿ, ಹೊಟ್ಟಿ ಸ್ವಲ್ಪ ಒಳಗ ಎಳಕೊಳ್ರಿ!"

ಕ್ಲಾಸು ಎಷ್ಟೋ ಬೇಸಿಗೆ ನಡೆಯಿತು, ಹಾಜರಿಯಲ್ಲಿ ಹೆಸರುಗಳು ಹೆಚ್ಚಿದವು. ಆಮೇಲೆ ಅತ್ತೆಯ ಮದುವೆಯಾಯಿತು, ಅಜ್ಜ ತೀರಿಕೊಂಡರು, ಮನೆ ಇದ್ದಲ್ಲಿ ಅಪಾರ್ಟ್‌ಮೆಂಟು ಎದ್ದಿತು. ಮಂಚ ಎಲ್ಲಿ ಹೋಯಿತೆಂದು ಯಾರಿಗೂ ಖಚಿತವಿಲ್ಲ. ಅದರ ಮೇಲೆ ಈಗ ಯಾರೋ ಮಲಗುತ್ತಿರಬಹುದು, ತಮ್ಮ ಬೆನ್ನ ಕೆಳಗೆ ನೀಲಿ ಕುದುರೆ ಇದೆಯೆಂದು ತಿಳಿಯದೆ.

ಹೋದ ತಿಂಗಳು ಮಗಳ ಶಾಲೆಯಿಂದ ಅದೇ ಛತ್ತಿನ ಕಾಕಾನ ಪ್ರಾಜೆಕ್ಟು ಬಂತು. ಅಚ್ಚಾದ ಹಾಳೆ, ನಂಬರು ಹಾಕಿದ ಖಾನೆಗಳು. ಮಾದಾಪುರದ ನಮ್ಮ ಫ್ಲ್ಯಾಟಿನಲ್ಲಿ, ಎಸಿಯ ಕೆಳಗೆ, ಮಗಳು ಬೆರಳಿಗೂ ಬಣ್ಣ ತಾಗದಂತೆ ತುಂಬಿ ಮುಗಿಸಿದಳು. ಮಂಚದ ಕೆಳಗೆ ಮಲಗಿ ಬರೆಯೋಣ ಎಂದೆ. ಮಲಗುವುದೆಲ್ಲಿ? ಅವಳ ಮಂಚ ನೆಲದವರೆಗೂ ಡ್ರಾಯರು. ನಮ್ಮ ಮನೆಯಲ್ಲಿ ಯಾವುದಕ್ಕೂ 'ಕೆಳಗೆ' ಎಂಬುದೇ ಇಲ್ಲವೆಂದು ಅವತ್ತು ಗಮನಿಸಿದೆ. ಮೇಲಾಗಿ ಮಗಳು ನನ್ನನ್ನು ತಿದ್ದಿದಳು: "ಅಮ್ಮಾ, ಅವರು ಮಲಗಿರಲಿಲ್ಲ. ನಿಂತು, ಕತ್ತು ಎತ್ತಿ ಬರೆದಿದ್ದು. ಟೀಚರ್ ಹೇಳಿದ್ರು." ಹುಡುಕಿ ಓದಿದೆ. ಅವಳು ಹೇಳಿದ್ದು ಸರಿ.

ಶಂಶಾಬಾದಿನಲ್ಲಿರುವ ಅತ್ತೆಗೆ ಫೋನು ಮಾಡಿ ಹೇಳಿದೆ.

"ನಿಂತರ ನಿಂತಿರಲಿ ಬಿಡ" ಎಂದು ನಕ್ಕಳು. "ಮಂಚದ ಬುಡಕ ನಿಂದ್ರಾಕ ಬರ್ತಿತ್ತೇನ ನಿಮಗ?"

ನಾನೂ ನಕ್ಕೆ. ನಗುತ್ತಲೇ ಮನಸ್ಸಿನಲ್ಲಿ ಆ ಮಂಚದ ತಳವನ್ನು ಒಂದು ತುದಿಯಿಂದ ನೋಡುತ್ತ ಬಂದೆ. ಆನೆ ಗಿರೀಶನದು, ಕುದುರೆ ರೇಷ್ಮಾಳದು, ಮರ ನನ್ನದು. ಅತ್ತೆ ನಮಗೆ ಬಣ್ಣ ಕಲಸಿಕೊಟ್ಟದ್ದು, ಕಣ್ಣು ಒರೆಸಿದ್ದು, ಟ್ರಂಕು ಎಳೆದದ್ದು ಎಲ್ಲ ಕಾಣುತ್ತದೆ. ಅವಳು ಒಳಗೆ ಬಂದು ನಮ್ಮ ಪಕ್ಕ ಮಲಗಿದ್ದು ಮಾತ್ರ ಎಷ್ಟು ಹುಡುಕಿದರೂ ಕಾಣುವುದಿಲ್ಲ. ನಾನೇ ಮರೆತಿದ್ದೇನೆಯೆ, ಅಥವಾ ಜಾಗವನ್ನೆಲ್ಲ ನಮಗೇ ಬಿಟ್ಟಿದ್ದಳೆ?

ಕೇಳಿಯೇ ಬಿಟ್ಟೆ. ಅತ್ತೆ "ಹಾಲು ಉಕ್ಕಾಕತ್ತೈತಿ, ಇಡ್ತೀನಿ" ಎಂದು ಫೋನಿಟ್ಟಳು. ಆಮೇಲೆ ಎರಡು ಸಲ ಮಾತಾಡಿದ್ದೇವೆ, ಬೇರೆ ಏನೇನೋ. ಅವತ್ತು ನಾನು ಕೇಳಿದ್ದು ಇಷ್ಟೇ:

"ಅತ್ತೀ, ಅದರಾಗ ನೀ ಬರದದ್ದು ಯಾವುದಿತ್ತು?"