ಪಕ್ಕಕ್ಕೆ ನಿಂತು ನೋಡಿದ ಶನಿ

ಕಡಿಯಾಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ತಾಗಿಕೊಂಡೇ ನನ್ನ ಹೊಲಿಗೆ ಮಿಷನ್ ಇದೆ. ಬೆಳಗಿನ ತಿಂಡಿಯ ಪಾತ್ರೆ ತೊಳೆದು ಕೂತರೆ ಅನ್ನ ಬಸಿಯುವ ಹೊತ್ತಿನವರೆಗೆ ರವಿಕೆ, ಊಟ ಮುಗಿಸಿ ಕೂತರೆ ಮತ್ತೆ ರವಿಕೆ. ಕಳೆದ ಮಳೆಗಾಲದಲ್ಲಿ ಮಣಿಪಾಲದಲ್ಲಿ ಚಿತ್ರಕಲೆ ಕಲಿಸುವ ಮೇಡಂ ಒಬ್ಬರು ರವಿಕೆಯ ತೋಳು ಸಡಿಲ ಮಾಡಿಸಲು ಬಂದಿದ್ದರು. ಹೊರಡುವಾಗ ಮಳೆ ಜೋರಾಯಿತು. ಕೈಯಲ್ಲಿದ್ದ ದೊಡ್ಡ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಇದು ನೆನೆದರೆ ಹಾಳಾಗ್ತದೆ ಅಕ್ಕ, ರವಿಕೆ ಕೊಡುವಾಗ ಒಟ್ಟಿಗೆ ಕೊಡಿ" ಎಂದು ಕೊಡೆ ಬಿಡಿಸಿಕೊಂಡು ಓಡಿದರು.

ಸಂಜೆ ಕೈ ಒರೆಸಿಕೊಂಡು ಪುಸ್ತಕ ತೆರೆದೆ. ಪೂರ್ತಿ ಬಾಹ್ಯಾಕಾಶದ ಚಿತ್ರಗಳು. ಫೋಟೋಗಳಲ್ಲ, ಕಲಾವಿದರು ಕುಳಿತು ಬರೆದವು. ಒಂದರಲ್ಲಿ ಕೆಂಪು ಮಣ್ಣಿನ ಬಯಲು, ಅದರ ಮೇಲೆ ಒಟ್ಟಿಗೆ ಹುಟ್ಟುತ್ತಿರುವ ಎರಡು ಚಂದ್ರರು. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ, ಬಿಳಿ ಉಡುಪಿನ ಮನುಷ್ಯ. ಅವನು ಕಣ್ಣಿಗೆ ಬೀಳುವವರೆಗೆ ಬಯಲು ಎಷ್ಟು ವಿಶಾಲವೆಂದು ತಿಳಿಯುವುದೇ ಇಲ್ಲ. ಕಂಡ ಮೇಲೆ ನನಗೆ ಒಂದು ಕ್ಷಣ ಕಾಲಡಿಯಲ್ಲಿ ನೆಲವೇ ಇಲ್ಲವೆನಿಸಿತು. ಇನ್ನೊಂದರಲ್ಲಿ ಶನಿ ಗ್ರಹ. ಜೇನು ಬಣ್ಣದ ಗೋಲ, ಸುತ್ತ ಬಳೆ. ಪುಟ ಮಗುಚಿದರೂ ಮನಸ್ಸು ಆ ಪುಟದಲ್ಲೇ ಉಳಿಯಿತು.

ಹೊಲಿಯುವವಳ ಕಣ್ಣಿಗೆ ಮೊದಲು ಕಾಣುವುದು ಬಟ್ಟೆ. ಆ ಚಿತ್ರಗಳ ಕಪ್ಪು ಒಂದೇ ಕಪ್ಪಲ್ಲ ಎಂದು ನನಗೆ ಬೇಗ ಗೊತ್ತಾಯಿತು. ಒಂದು ಕಡೆ ನೀಲಿ ಬೆರೆತ ಕಪ್ಪು, ಒಂದು ಕಡೆ ಕಾಡಿಗೆಯಂತೆ ಹೊಳಪಿಲ್ಲದ್ದು, ಅಂಚಿನಲ್ಲಿ ಕಂದಿದ್ದು. ನನ್ನ ತುಂಡುಬಟ್ಟೆಯ ಚೀಲದಲ್ಲಿ ಅವೆಲ್ಲ ಇದ್ದವು. ಕೋರ್ಟಿಗೆ ಹೋಗುವ ವಕೀಲರೊಬ್ಬರ ಗೌನು ಗಿಡ್ಡ ಮಾಡಿದಾಗ ಉಳಿದದ್ದು, ಕಾಪುವಿನ ನನ್ನ ಬಾಲ್ಯದ ಗೆಳತಿಯ ಬುರ್ಖಾದ ಕೊನೆ, ಅಯ್ಯಪ್ಪ ಮಾಲೆ ಹಾಕುವವರ ಹಳೆಯ ಕಪ್ಪು ಪಂಚೆ, ಗಾಳಿಗೆ ಮಗುಚಿ ಕಡ್ಡಿ ಮುರಿದ ನಮ್ಮದೇ ಕೊಡೆಯ ಬಟ್ಟೆ. ಬಳೆಗೆ ಬೇಕಾದ ಜರಿಯಂಚುಗಳಿಗಂತೂ ಬರವೇ ಇರಲಿಲ್ಲ.

ಮೇಡಂ ಬಂದಾಗ ಕೇಳಿಯೇ ಬಿಟ್ಟೆ. "ಇದನ್ನು ಬಟ್ಟೆಯಲ್ಲಿ ಮಾಡಿದರೆ ಆಗ್ತದಾ?"

ಅವರು ನನ್ನನ್ನೂ ಚೀಲವನ್ನೂ ನೋಡಿದರು. "ಮಳೆ ಬಿಟ್ಟ ಮೇಲೆ ನಾವು ಒಂದು ಪ್ರದರ್ಶನ ಇಡ್ತೇವೆ, ಎಲ್ಲ ಬಾಹ್ಯಾಕಾಶದ ಚಿತ್ರಗಳೇ. ಮಾಡಿ ನೋಡಿ, ಪುಸ್ತಕ ಅಲ್ಲಿವರೆಗೆ ನಿಮ್ಮಲ್ಲೇ ಇರಲಿ. ಚೆನ್ನಾಗಿ ಬಂದರೆ ಮಾತ್ರ ಹಾಕುವುದು, ಮತ್ತೆ ಬೇಸರ ಮಾಡಬಾರದು."

"ಬರ್ತದೆ" ಎಂದೆ. ಇಷ್ಟು ವರ್ಷ ಇನ್ನೊಬ್ಬರ ಮೈ ಅಳತೆಗೇ ಹೊಲಿದವಳು ನಾನು. ಯಾರ ಅಳತೆಗೂ ಅಲ್ಲದ ಒಂದನ್ನು ಹೊಲಿದು ಆ ಗೋಡೆಯ ಮೇಲೆ ಇಡಲೇಬೇಕೆಂದು ಅವತ್ತೇ ನಿಶ್ಚಯ ಮಾಡಿದೆ.

ಅಡ್ಡ ಬಂದವರು ಅತ್ತೆ. ಕಾರ್ಕಳದವರು, ಮಾತು ನೇರ. ಆಗ ನಮ್ಮ ಮನೆಯವರು ಸ್ಕೂಟರಿನಿಂದ ಬಿದ್ದು, ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು, ಅದೇ ಕೋಣೆಯ ಮಂಚದಲ್ಲಿ ಮಲಗಿದ್ದರು.

"ಎಂತ ಅದು, ದುಂಡಗೆ?" ಅತ್ತೆ ಕೇಳಿದರು.

"ಶನಿ ಗ್ರಹ ಅತ್ತೆ."

ಅತ್ತೆ ಕೈಯಲ್ಲಿದ್ದ ಬಸಳೆಯನ್ನು ಹಾಗೇ ಕೆಳಗಿಟ್ಟರು. "ಮಗನಿಗೆ ಸಾಡೇಸಾತಿ. ನಾನು ಶನಿವಾರ ಶನಿವಾರ ಎಳ್ಳೆಣ್ಣೆ ದೀಪ ಇಟ್ಟು, ಹೋಗಪ್ಪಾ ಹೋಗು ಅಂತ ಕಳಿಸ್ತಾ ಇದ್ದೇನೆ. ನೀನು ಜರಿ ಹಾಕಿ, ಬಂದು ಕೂತುಕೋ ಅಂತ ಕರೀತೀಯಲ್ಲ ಮಾರಾಯ್ತಿ!"

"ಅಮ್ಮಾ, ನನ್ನ ಕಾಲು ಮುರಿದದ್ದು ಹೊಂಡದಿಂದ" ಎಂದರು ಮಂಚದಿಂದ ಇವರು.

"ಹೊಂಡಕ್ಕೆ ನಿನ್ನನ್ನು ಕರ್ಕೊಂಡು ಹೋದದ್ದು ಯಾರು?"

"ಸ್ಕೂಟರ್."

ಅತ್ತೆ ಅವರನ್ನು ಬಿಟ್ಟು ನನ್ನತ್ತ ತಿರುಗಿದರು. "ಬೇರೆ ಗ್ರಹ ಸಿಗಲಿಲ್ವಾ ನಿನಗೆ? ಗುರುವನ್ನು ಹೊಲಿ. ಮನೆಗೂ ಒಳ್ಳೆಯದು."

"ಗುರುವಿಗೆ ಇಂಥ ಬಳೆ ಇಲ್ಲ ಅತ್ತೆ."

"ಬಳೆ ನೀನೇ ಹಾಕು! ಟೈಲರ್ ಅಲ್ವಾ ನೀನು?"

ಜಗಳ ಮಾಡಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಮುಗಿದ ಕೂಡಲೇ ಮಣಿಪಾಲಕ್ಕೆ ಕಳಿಸುತ್ತೇನೆ, ಶನಿವಾರ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಶನಿವಾರ ಬಂತೆಂದರೆ ಅತ್ತೆಯೇ ಆ ಬಟ್ಟೆಯನ್ನು ಮಡಚಿ ಟ್ರಂಕಿನಲ್ಲಿಟ್ಟು ಮುಚ್ಚುತ್ತಿದ್ದರು. ಭಾನುವಾರ ತೆಗೆದರೆ ಇಸ್ತ್ರಿ ಹಾಕಿದಷ್ಟು ನೀಟಾಗಿ ಮಡಚಿರುತ್ತಿತ್ತು.

ಗೋಲ ಆಯಿತು, ಬಳೆ ಆಯಿತು. ಮೇಡಂ ಬಂದು ಬಹಳ ಹೊತ್ತು ನೋಡಿದರು. "ಕೆಲಸ ತುಂಬಾ ಚಂದ ಉಂಟು ಅಕ್ಕ. ಆದರೆ..."

"ಆದರೆ ಎಂತ?"

"ಇದು ಆಕಾಶದಲ್ಲಿ ಇದ್ದ ಹಾಗೆ ಇಲ್ಲ. ಬಾಗಿಲ ಎದುರು ಹಾಕಿದ ಹಾಗೆ ಉಂಟು."

"ತಟ್ಟೆಯಲ್ಲಿ ಲಾಡು ಇಟ್ಟ ಹಾಗೆ" ಎಂದು ಇವರು ಸೇರಿಸಿದರು.

ಮೇಡಂ ಹೋದ ಮೇಲೆ ಪುಸ್ತಕದ ಚಿತ್ರವನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬಾಗಿಲ ಎದುರು ಎಂದದ್ದು ಸರಿಯೇ. ನನ್ನದು ರಂಗೋಲಿಯ ಕೈ. ಕಾಪುವಿನ ತವರಿನ ಅಂಗಳದಲ್ಲಿ ಕಲಿತದ್ದು: ಎಡಕ್ಕೊಂದು ಎಳೆ ಎಳೆದರೆ ಬಲಕ್ಕೂ ಅಂಥದ್ದೇ ಎಳೆಯಬೇಕು, ಇಲ್ಲದಿದ್ದರೆ ಅಮ್ಮ ಅಳಿಸುತ್ತಿದ್ದರು. ಶನಿಯನ್ನೂ ಹಾಗೇ ಹೊಲಿದಿದ್ದೆ. ಎಡ ಎಷ್ಟು ಹೊಳೆಯುತ್ತಿತ್ತೋ ಬಲವೂ ಅಷ್ಟೇ. ಪುಸ್ತಕದಲ್ಲಿ ಹಾಗಿರಲಿಲ್ಲ. ಯಾವ ಚಿತ್ರ ತೆಗೆದರೂ ಬೆಳಕು ಒಂದು ಕಡೆಯಿಂದ ಬರುತ್ತಿತ್ತು, ಇನ್ನೊಂದು ಕಡೆ ಕತ್ತಲೆಗೆ ಹೋಗುತ್ತಿತ್ತು. ಅಷ್ಟು ದಿನ ಬಣ್ಣ ನೋಡಿದ್ದೆ, ಬೆಳಕು ಎಲ್ಲಿಂದ ಬರುತ್ತದೆಂದು ನೋಡಿರಲೇ ಇಲ್ಲ.

ಇವರ ಕಾಲು ನೋಡಲು ಬಂದವರೆಲ್ಲ ತಂದ ಮೂಸಂಬಿ ಬುಟ್ಟಿಯಲ್ಲಿ ತುಂಬಿತ್ತು. ಅದರಿಂದ ಒಂದನ್ನು ತೆಗೆದು ಎಂಬ್ರಾಯ್ಡರಿ ರಿಂಗಿನ ನಡುವೆ ಇಟ್ಟೆ. ಮೋಡ ಕವಿದ ಮಧ್ಯಾಹ್ನ, ಕೋಣೆ ಮಬ್ಬಾಗಿತ್ತು. ಮಿಷನ್ನಿನ ಪುಟ್ಟ ಬಲ್ಬನ್ನು ಒಂದು ಬದಿಗೆ ತಿರುಗಿಸಿ ಹಚ್ಚಿದೆ. ಮೂಸಂಬಿಯ ನೆರಳು ರಿಂಗಿನ ಹಿಂಭಾಗದ ಮೇಲೆ ಬಿತ್ತು. ಬಿದ್ದಲ್ಲಿ ರಿಂಗು ಕತ್ತರಿಸಿ ತೆಗೆದಂತೆ ಕಾಣೆಯಾಯಿತು. ಪುಸ್ತಕದಲ್ಲೂ ಬಳೆ ಅದೇ ಜಾಗದಲ್ಲಿ ಕಡಿದುಹೋಗಿತ್ತು. ನಾನು ಅಲ್ಲಿ ಇದ್ದುದರಲ್ಲೇ ಒಳ್ಳೆಯ ಜರಿ ಹಾಕಿದ್ದೆ.

"ಅದು ನನಗೆ ತಿನ್ಲಿಕ್ಕೆ ತಂದದ್ದಲ್ವಾ?" ಎಂದರು ಇವರು.

"ಸ್ವಲ್ಪ ತಡೆಯಿರಿ, ಈಗ ಅದು ಗ್ರಹ" ಎಂದೆ.

ಬ್ಲೇಡು ಹಿಡಿದು ಬಿಚ್ಚಲು ಕೂತೆ. ಹಾಕಿದ ಹೊಲಿಗೆ ಬಿಚ್ಚುವಷ್ಟು ಬೇಸರದ ಕೆಲಸ ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ. ನೂಲು ಕಡಿಯಬೇಕು, ಬಟ್ಟೆಗೆ ತಾಗಬಾರದು. ಅತ್ತೆ ಬಂದು ನೋಡಿ ಸಂತೋಷಪಟ್ಟರು. "ಬುದ್ಧಿ ಬಂತಾ?"

"ಇಲ್ಲ ಅತ್ತೆ, ನೆರಳು ಬಂತು."

ಜರಿ ಇದ್ದ ಕಡೆ ವಕೀಲರ ಗೌನಿನ ಕಪ್ಪು ಇಟ್ಟೆ. ಗೋಲದ ಒಂದು ಬದಿಯನ್ನು ಕಂದಿದ ಪಂಚೆಯಿಂದ ಮೆಲ್ಲಗೆ ಕತ್ತಲೆಗೆ ಇಳಿಸಿದೆ. ಕೈ ಎರಡು ಸಲ ಹಳೆಯ ಅಭ್ಯಾಸಕ್ಕೆ ಹೋಗಿ ಬಲಕ್ಕೂ ಜರಿ ತೆಗೆದುಕೊಂಡಿತು. ಎರಡು ಸಲವೂ ಕೆಳಗಿಟ್ಟೆ.

ಮಡಿಲಲ್ಲಿ ಇಟ್ಟುಕೊಂಡು ಚಿತ್ರ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದಿಲ್ಲ. ತೂಗುಹಾಕಬೇಕು, ದೂರ ಹೋಗಿ ನೋಡಬೇಕು. ಬಾಗಿಲಿಗೆ ಎದುರಿನ ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆ ಇತ್ತು. ಅಲ್ಲಿಗೆ ಕೈ ಚಾಚಿದಾಗ ಅತ್ತೆ ಬಂದು ನಡುವೆ ನಿಂತರು.

"ಎದುರು ಬೇಡ. ನವಗ್ರಹದ ಹತ್ತಿರವೂ ಶನಿಯ ಎದುರು ಯಾರೂ ನಿಲ್ಲುವುದಿಲ್ಲ, ಪಕ್ಕಕ್ಕೆ ಸರಿದು ಕೈಮುಗಿಯುವುದು. ಅವನ ದೃಷ್ಟಿ ನೇರ ಬೀಳಬಾರದು. ಹಾಕಲೇಬೇಕು ಅಂತಾದರೆ ಆ ಬದಿಗೆ ಹಾಕು."

ಆ ಬದಿ ಎಂದರೆ ಕಿಟಕಿ ಇರುವ ಗೋಡೆಗೆ ಮೂಲೆಯಾಗಿ ಕೂಡುವ ಗೋಡೆ. ಹಾಕುವುದಕ್ಕೆ ಒಪ್ಪಿದ್ದೇ ದೊಡ್ಡದೆಂದು ಅಲ್ಲೇ ಸಿಕ್ಕಿಸಿದೆ. ಎದುರು ನಿಂತು ನೋಡಿದೆ. ಜರಿ ಹಳೆಯ ಗೋಣಿನಾರಿನಂತೆ ಸಪ್ಪಗೆ ಕಂಡಿತು. ಮತ್ತೆ ಬಿಚ್ಚಲೆಂದು, ಅಡಿಗೆಮನೆಯಲ್ಲಿ ಬಿಟ್ಟಿದ್ದ ಕತ್ತರಿ ತರಲು ಬಾಗಿಲತ್ತ ನಡೆದವಳು ಅಲ್ಲಿಂದ ಸುಮ್ಮನೆ ತಿರುಗಿದೆ.

ಕಿಟಕಿಯ ಬೆಳಕು ಗೋಡೆಗುಂಟ ಹರಿದು ಬಂದು ಬಳೆಯಲ್ಲಿ ಹತ್ತಿಕೊಂಡಿತ್ತು. ನೆರಳಿನ ಜಾಗದಲ್ಲಿ ಬಳೆ ಕಡಿದುಹೋಗಿ, ಗೋಲ ನಿಜಕ್ಕೂ ಗೋಡೆಯಿಂದ ಈಚೆ ಬಂದು ನಿಂತಿತ್ತು. ಕಪ್ಪುಗಳು ಒಂದೊಂದೂ ಬೇರೆಯಾಗಿದ್ದವು. ಗೌನು ಆಳ, ಬುರ್ಖಾದ್ದು ನೀಲಿ, ಕೊಡೆಯ ಬಟ್ಟೆಯಲ್ಲಿ ಸೂಜಿ ಚುಚ್ಚಿದ ತೂತುಗಳಿಂದ ಒಳಗಿನ ಬಿಳಿ ಅಸ್ತರ್ ಬಟ್ಟೆ ಚುಕ್ಕಿ ಚುಕ್ಕಿಯಾಗಿ ಇಣುಕುತ್ತಿತ್ತು.

"ಅತ್ತೆ, ಇಲ್ಲಿ ಬನ್ನಿ. ಇಲ್ಲಿಂದ ನೋಡಿ."

ಅತ್ತೆ ಬಂದು ನನ್ನ ಪಕ್ಕ ನಿಂತರು. ತಲೆ ಓರೆ ಮಾಡಿದರು. "ಕಾರ್ಕಳದಲ್ಲಿ ಕರಿಕಲ್ಲು ಕೆತ್ತುವವರು ಹೀಗೇ ಬದಿಗೆ ಬಂದು ಬಗ್ಗಿ ನೋಡುತ್ತಿದ್ದರು" ಎಂದರು. ಮತ್ತೆ ಒಲ್ಲದ ಮನಸ್ಸಿನಿಂದ, "ಚಂದ ಕಾಣ್ತಾನೆ" ಎಂದರು.

ಪ್ರದರ್ಶನದ ದಿನ ಬೆಳಿಗ್ಗೆ ಬಟ್ಟೆ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ನಾನು ಕಳಿಸಿದ ಫೋಟೋ ನೋಡಿ ಒಪ್ಪಿದ್ದ ಮೇಡಂ ನನಗಾಗಿ ಬಾಗಿಲಿಗೆ ನೇರ ಎದುರಿನ ಗೋಡೆಯನ್ನೇ ಉಳಿಸಿಟ್ಟಿದ್ದರು. ಮೇಲಿನಿಂದ ದೀಪ ಬೇರೆ.

"ನನಗೆ ಆ ಕಿಟಕಿಯ ಬದಿಯ ಗೋಡೆ ಬೇಕು" ಎಂದೆ.

"ಅಕ್ಕ, ಈ ಗೋಡೆಗೆ ಎಲ್ಲರೂ ಕೇಳಿದ್ದಾರೆ. ಅಲ್ಲಿ ಯಾರೂ ನೋಡುವುದಿಲ್ಲ."

"ನೋಡ್ತಾರೆ. ಎದುರು ಹಾಕಿದರೆ ನೋಡಿಯೂ ಕಾಣುವುದಿಲ್ಲ."

"ದೀಪ ಇದೆಯಲ್ಲ?"

"ದೀಪ ನೇರ ಬೀಳ್ತದೆ. ಎದುರೇ ಹಾಕಬೇಕು ಅಂತಾದರೆ ನಾನು ವಾಪಸು ತಕ್ಕೊಂಡು ಹೋಗ್ತೇನೆ."

ನನ್ನ ಬಾಯಿಂದ ಅಂಥ ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ರವಿಕೆ ಹೊಲಿಸಲು ಬಂದವರು ಕುತ್ತಿಗೆ ಆಳ ಬೇಕೆಂದರೆ ಆಳ, ಬೇಡವೆಂದರೆ ಬೇಡ ಎನ್ನುವವಳು. ಸುರುಳಿ ಬಿಚ್ಚದೆ ನಿಂತೇ ಇದ್ದೆ. ಕೊನೆಗೆ ಮೇಡಂ, "ನಿಮ್ಮದೊಂದು ಹಠ ಮಾರಾಯ್ರೆ" ಎಂದು ಸ್ಟೂಲು ತರಿಸಿದರು. ನಾನೇ ಹತ್ತಿ ಸಿಕ್ಕಿಸಿದೆ. ಇಳಿದು ಮೇಡಮ್ಮನ ಕೈ ಹಿಡಿದು ನಾಲ್ಕು ಹೆಜ್ಜೆ ಪಕ್ಕಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಅವರು ಅಲ್ಲಿಂದ ನೋಡಿದರು. ಎದುರಿನ ಗೋಡೆಯ ದೀಪ ಆರಿಸಲು ಯಾರಿಗೋ ಕೈ ಮಾಡಿದರು.

ಮಧ್ಯಾಹ್ನ ಆಟೋದಲ್ಲಿ ಅತ್ತೆ ಬಂದರು. ಕರೆದಿದ್ದೆ, ಬರುತ್ತಾರೆಂದು ನಂಬಿರಲಿಲ್ಲ. ಸುತ್ತು ಹಾಕಿ ಬರುವಷ್ಟರಲ್ಲಿ ಕಾಲೇಜಿನ ಹುಡುಗಿಯರಿಬ್ಬರು ನನ್ನ ಬಟ್ಟೆಯ ಎದುರು ನೇರ ನಿಂತು, ಮುಖ ಸಪ್ಪಗೆ ಮಾಡಿ, ಮುಂದಿನ ಚಿತ್ರಕ್ಕೆ ಹೊರಟಿದ್ದರು.

"ಹೋಯ್, ಎದುರು ನಿಲ್ಲಬೇಡಿ ಮಕ್ಕಳೇ!" ಅತ್ತೆಯ ದನಿ ಹಾಲಿಗೆಲ್ಲ ಕೇಳಿತು. "ಈ ಕಡೆ ಬನ್ನಿ. ಹಾಂ, ಇಲ್ಲಿ. ಈಗ ನೋಡಿ."

ಹುಡುಗಿಯರು ನೋಡಿದರು. ಒಬ್ಬಳು "ಅಯ್ಯೋ" ಎಂದು ಗೆಳತಿಯ ಕೈ ಹಿಡಿದಳು. ಅತ್ತೆ ಅಲ್ಲಿಂದ ಕದಲಲಿಲ್ಲ. ಬಂದವರನ್ನೆಲ್ಲ ಪಕ್ಕಕ್ಕೆ ಕರೆದು ನಿಲ್ಲಿಸುತ್ತಲೇ ಇದ್ದರು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಬದಿ ಕೂತು, ಹೊರಗೆ ನೋಡುತ್ತಲೇ ಕೇಳಿದರು. "ಶನಿವಾರವೂ ಬಾಗಿಲು ತೆರೆದಿರ್ತದಾ?"

"ಇರ್ತದೆ ಅತ್ತೆ. ಅವತ್ತು ಮುಚ್ಚಿಡಬೇಕಾ?"

"ಮುಚ್ಚುವುದೆಂತಕ್ಕೆ? ಬೆಳಿಗ್ಗೆ ದೀಪ ಇಟ್ಟು ನಾನೂ ಬರ್ತೇನೆ. ಹೇಳುವವರು ಇಲ್ಲದಿದ್ದರೆ ಜನ ಎದುರೇ ಹೋಗಿ ನಿಲ್ತಾರೆ."