ಅಜ್ಜಿ ಎದ್ದು ಕೂತ ಮಧ್ಯಾಹ್ನ

ಹತ್ತನೇ ತರಗತಿಯಲ್ಲಿ ಲೆಕ್ಕಕ್ಕೆ ಫೇಲಾದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಹಿಂದೂಪುರದಿಂದ ಕಲ್ಯಾಣದುರ್ಗದ ಅತ್ತೆಯ ಮನೆಗೆ ಸಾಗಹಾಕಿದರು. ನಾನು ಊಟ ಬಿಟ್ಟಿದ್ದೆ, ಮಾತು ಬಿಟ್ಟಿದ್ದೆ. ಹಟ, ಹೊಟ್ಟೆ ಹಸಿದರೆ ತಾನಾಗಿ ಸರಿಹೋಗುತ್ತದೆ ಎಂದು ದೊಡ್ಡವರೆಲ್ಲ ತೀರ್ಮಾನಿಸಿದ್ದರು. ಹಟವಲ್ಲ ಎಂದು ಹೇಳುವುದಕ್ಕೆ ನನಗೆ ಬರಲಿಲ್ಲ. ಅದೂ ಒಂದು ಕಾಯಿಲೆ, ಅದಕ್ಕೊಂದು ಹೆಸರಿದೆ ಎಂಬುದೂ ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾವ ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ರಜೆಯಲ್ಲಿ ಖಾಲಿ ಬಿದ್ದ ಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪ್ ನಡೆಯುವುದಿತ್ತು. ಒಂದು ಮಾತೂ ಕೇಳದೆ ಸ್ವಯಂಸೇವಕರ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿ ಬಂದರು. ಸಿಟ್ಟು ನೆತ್ತಿಗೇರಿತು. ಸೇವೆ ಮಾಡುವ ಮುಖವೇ ನನ್ನದು?

ಆಗೆಲ್ಲ ಪೊರೆ ತೆಗೆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟು ಮಲಗಿಸುತ್ತಿದ್ದರು. ಅಲುಗಾಡುವ ಹಾಗಿಲ್ಲ, ಏಳುವ ಹಾಗಂತೂ ಇಲ್ಲವೇ ಇಲ್ಲ. ಹೊಲಿಗೆ ಬಿಚ್ಚಿದರೆ ಕಣ್ಣು ಹೋದಂತೆಯೇ. ನನ್ನ ಪಾಲಿಗೆ ಬಂದದ್ದು ಸೆಟ್ಟೂರು ಕಡೆಯ, ಕುರಿ ಕಾಯುವ ಮನೆಯ ಅಜ್ಜಿ. ಒಂದು ಕಣ್ಣು ಹಿಂದೆಯೇ ಹೋಗಿತ್ತು, ಉಳಿದದ್ದು ಇದೊಂದೇ. ಅವಳಿಗೆ ಊಟ ಮಾಡಿಸುವುದು, ತಲೆ ಅಲುಗದಂತೆ ಕಾಯುವುದು ನನ್ನ ಕೆಲಸ.

ಎರಡನೇ ದಿನ ಮಧ್ಯಾಹ್ನ ಅಜ್ಜಿ ಕೇಳಿದಳು: "ನೀನು ಉಂಡ್ಯೇನವ್ವಾ?"

"ಹೂಂ."

"ಸುಳ್ಳು ಯೋಳ್ಬ್ಯಾಡ. ಬೆಳಿಗ್ಗೆಯಿಂದ ಇಲ್ಲೇ ಕುಂತಿದ್ದೀಯ. ಏನಾಗೈತೆ ನಿಂಗೆ?"

ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಆ ಧೈರ್ಯದ ಮೇಲೆ, ಮನೆಯಲ್ಲಿ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ. "ನಾನು ಇರೋದೇ ಬ್ಯಾಡ ಅನ್ನಿಸ್ತೈತೆ ಅಜ್ಜಿ. ದಿನಾಲೂ."

ಅಜ್ಜಿ ದಡಕ್ಕನೆ ಎದ್ದು ಕೂತಳು. ಮರಳಿನ ಚೀಲ ಉರುಳಿತು. ತಡಕಾಡಿ ನನ್ನ ರಟ್ಟೆ ಹಿಡಿದಳು. "ಮಲಕ್ಕೊ ಅಜ್ಜಿ, ಮಲಕ್ಕೊ" ಎಂದು ಗೋಗರೆದರೂ ಬಿಡಲಿಲ್ಲ. ನರ್ಸಮ್ಮ ಓಡಿಬಂದಳು. ಹಿಂದೆಯೇ ಡಾಕ್ಟರು ಬಂದು ತೆಲುಗಿನಲ್ಲಿ ರೇಗಿದರು: ಇವಳನ್ನು ಎಬ್ಬಿಸಿದ್ದು ಯಾರು?

ನಾನು ಉರುಳಿದ ಚೀಲ ಎತ್ತಿಕೊಂಡು ನಿಂತೆ.

"ಯಾರೂ ಇಲ್ಲ ಸ್ವಾಮಿ, ಕೆಮ್ಮು ಬಂತು, ನಾನೇ ಎದ್ಬುಟ್ಟೆ" ಎಂದಳು ಅಜ್ಜಿ.

ಪಟ್ಟಿಯ ಮೇಲೆ ರಕ್ತ ಕಾಣಲಿಲ್ಲ. ಉಳಿದದ್ದು ಪಟ್ಟಿ ಬಿಚ್ಚಿದ ದಿನವೇ ಗೊತ್ತಾಗಬೇಕು ಎಂದು ಡಾಕ್ಟರು ಹೊರಟುಹೋದರು. ಆಮೇಲೆ ಅಜ್ಜಿ ಪಿಸುಗುಟ್ಟಿದಳು: "ಪಟ್ಟಿ ಬಿಚ್ಚೋ ಗಂಟ ದಿನಾ ಬತ್ತೀಯ ತಾನೇ? ಆಣೆ ಇಕ್ಕು. ನಿನ್ ಮಖ ನೋಡ್ಬೇಕು ಕಣಮ್ಮ ನಾನು."

ಆಣೆ ಇಟ್ಟೆ. ನಾಲ್ಕು ದಿನ ಹೋದೆ. ಭಯಕ್ಕೆ ಹೋದೆ, ಸೇವೆಗೀವೆ ಏನೂ ಅಲ್ಲ. ನನ್ನ ದುಃಖ ಒಬ್ಬ ಮುದುಕಿಯ ಇದ್ದೊಂದು ಕಣ್ಣನ್ನೂ ತಿಂದುಹಾಕಿದ್ದರೆ? ಅಜ್ಜಿ ಮಾತ್ರ ತನಗೊಂದು ತುತ್ತು, ನನಗೊಂದು ತುತ್ತು ಎಂದು ಕರಾರು ಮಾಡಿದ್ದಳು. ನನ್ನ ಗಂಟಲ ಮೇಲೆ ಬೆರಳಿಟ್ಟು, ನುಂಗಿದ್ದು ಖಾತ್ರಿಯಾದ ಮೇಲೇ ತಾನು ಬಾಯಿ ತೆರೆಯುತ್ತಿದ್ದಳು.

ಪಟ್ಟಿ ಬಿಚ್ಚುವ ದಿನ ನಾನು ಬಾಗಿಲ ಹಿಂದೆ ನಿಂತೆ. ಡಾಕ್ಟರು ಅವಳ ಕಣ್ಣಿನ ಮುಂದೆ ಕನ್ನಡಕದ ದಪ್ಪ ಗಾಜು ಹಿಡಿದು ಬೆರಳು ತೋರಿಸಿದರು. ಅಜ್ಜಿ ಕತ್ತು ಮುಂದೆ ಚಾಚಿದಳು.

"ಮೂರು" ಎಂದಳು. ಮತ್ತೆ ತೋರಿಸಿದರು. "ಎರಡು. ಬೆರಳು ಸಾಕು ಸ್ವಾಮಿ, ನಮ್ ಹುಡ್ಗಿ ಎಲ್ಲವ್ಳೆ?"

ಹೋದೆ. ಗಾಜನ್ನು ತಾನೇ ಹಿಡಿದುಕೊಂಡು, ನನ್ನ ಗದ್ದ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಅಯ್ಯೋ, ಇಷ್ಟೇ ಇಷ್ಟು ಕೂಸಾ ನೀನು!"

ಆ ಬೇಸಿಗೆಯಿಡೀ ನನ್ನ ಬದುಕು ಮುಗಿದುಹೋಯಿತೆಂದೇ ನಂಬಿದ್ದೆ. ನನಗಿನ್ನೂ ಹದಿನಾರು ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಷ್ಟು ಜನರೆದುರೇ ಜೋರಾಗಿ ಅತ್ತುಬಿಟ್ಟೆ.