ಅಕ್ಕನ ಬೋರಿನಲ್ಲಿ ಎಣ್ಣೆ

ನನ್ನ ಕೆಲಸ ನೆಲದಡಿಯ ಎಣ್ಣೆ ಹುಡುಕುವುದಾಗಿತ್ತು. ಸಿಕ್ಕಿತೇ ಎಂದು ಮಾತ್ರ ಕೇಳಬೇಡಿ, ಕೇಳಬೇಕಾದವರೆಲ್ಲ ಕೇಳಿಯಾಗಿದೆ. ಮರಳುಗಾಡಿನಲ್ಲೋ ಸಮುದ್ರದ ಮೇಲೋ ಬಾವಿ ಕೊರೆಯುವ ರಿಗ್ಗಿನ ಪಕ್ಕದ ತಗಡಿನ ಕೋಣೆಯಲ್ಲಿ ಕೂತು, ಆಳದಿಂದ ಕೆಸರಿನ ಜೊತೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ತೊಳೆದು, ಮೂಸಿ, ನೇರಳೆ ದೀಪದ ಕೆಳಗಿಟ್ಟು ನೋಡುವುದೇ ನನ್ನ ಬದುಕಾಗಿತ್ತು. ಚೂರಿನೊಳಗೆ ಎಣ್ಣೆಯ ಪಸೆ ಇದ್ದರೆ ಆ ದೀಪದಲ್ಲಿ ಹೊಳೆಯುತ್ತದೆ. ಪಕ್ಕದ ಬಾವಿಯವರಿಗೆ ಹೊಳೆಯಿತು. ನನ್ನ ಜಾಗಕ್ಕೆ ಆಮೇಲೆ ಬಂದವರಿಗೂ ಹೊಳೆಯಿತು. ನಾನು ಕೂತ ಬಾವಿಗಳೆಲ್ಲ ಒಣ.

ರಜೆಗೆ ಬರುವಾಗ ರೈಲು ಹರಿಹರದ ಸೇತುವೆ ದಾಟುವಷ್ಟರಲ್ಲಿ ಮುಖಕ್ಕೊಂದು ಗೆಲುವು ತಂದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೆ. ದಾವಣಗೆರೆ ನಿಲ್ದಾಣದಲ್ಲಿ ಕಾಯುತ್ತಿದ್ದ ಭಾವ, ಅಂದರೆ ನನ್ನ ಅಕ್ಕನ ಗಂಡ, ಆ ಗೆಲುವು ನೋಡಿದ ಕೂಡಲೇ, "ಈ ಸಲನೂ ಇಲ್ಲೇನ್ರಿ ಸಾಹೇಬ್ರೆ?" ಎಂದು ನನ್ನ ಚೀಲ ಎತ್ತಿಕೊಳ್ಳುತ್ತಿದ್ದರು.

ನಿವೃತ್ತನಾಗಿ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಮನೆ ಮಾಡಿದೆ. ಒಂದು ಬೆಳಿಗ್ಗೆ ಹತ್ತಿರದ ಹಳ್ಳಿ ಹದಡಿಯಿಂದ ಅಕ್ಕನ ಫೋನು ಬಂತು. ಅವಳ ಹೊಲದಲ್ಲಿ ಹೊಸದಾಗಿ ಬೋರು ಹಾಕಿಸಿದ್ದರು. ತೊಟ್ಟಿಯಲ್ಲಿ ನಿಂತ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದಂತೆ, ಎಮ್ಮೆ ಮೂಸಿ ಮುಖ ತಿರುಗಿಸುತ್ತದಂತೆ. ಇದು ಎಣ್ಣೆಯೇ, ಇನ್ನು ಸರ್ಕಾರದವರು ಬಂದು ಬೇಲಿ ಹಾಕುತ್ತಾರೆ ಎಂದು ಊರಲ್ಲಿ ಮಾತಂತೆ. ಹೊಲ ಉಳಿಯುತ್ತದೋ ಇಲ್ಲವೋ, ಅಷ್ಟು ಹೇಳು ಎಂದಳು. ಅಪ್ಪ ನನಗೆ ಓದು ಕೊಟ್ಟಿದ್ದರು, ಅವಳಿಗೆ ಆ ಹೊಲ.

ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಎಣ್ಣೆಯಾಗಬೇಕಾದರೆ ಹಳೆಯ ಸಮುದ್ರದ ತಳದಲ್ಲಿ ಸತ್ತ ಜೀವಿಗಳು ಕೆಸರಿನಡಿ ಹೂತು, ಯುಗಗಟ್ಟಲೆ ಹದವಾದ ಬಿಸಿಯಲ್ಲಿ ಬೇಯಬೇಕು. ನಮ್ಮ ಸೀಮೆಯ ಗಟ್ಟಿ ಕಲ್ಲು ಅಂಥ ಜೀವಿಗಳು ಸಮುದ್ರ ತುಂಬುವುದಕ್ಕೂ ಎಷ್ಟೋ ಮೊದಲಿನದು. ಇಲ್ಲಿ ಎಣ್ಣೆ ಇಲ್ಲ ಎಂದು ಹೇಳಿ ಫೋನು ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಮನೆಯವರು ನನ್ನ ವಿದ್ಯೆಯನ್ನು ನಂಬಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಗಂಟಲು ಸರಿಮಾಡಿಕೊಂಡು, ಪರೀಕ್ಷೆ ಮಾಡದೆ ಹೇಳಲು ಬರುವುದಿಲ್ಲ, ಬೋರು ಕೊರೆದಾಗ ಬಂದ ಕಲ್ಲಿನ ಚೂರು ಕಳಿಸು ಎಂದೆ.

ಮರುದಿನ ಬಸ್ಸಿನಲ್ಲಿ ಸ್ಟೀಲಿನ ಡಬ್ಬಿ ಬಂತು. ಒಳಗೆ ಚೂರುಗಳು ಪೂಜೆಗಿಡುವಷ್ಟು ಶುಚಿಯಾಗಿದ್ದವು. ಮನಸ್ಸು ತುಂಬಿ ಬಂತು. ಡಬ್ಬಿ ಹಿಡಿದುಕೊಂಡು ಗೆಳೆಯನ ಬಟ್ಟೆ ಅಂಗಡಿಗೆ ಹೋದೆ. ಖೋಟಾ ನೋಟು ಹಿಡಿಯಲು ಅವನ ಗಲ್ಲಾದ ಮೇಲೆ ಇಟ್ಟಿದ್ದ ದೀಪವೂ ನಮ್ಮ ನೇರಳೆ ದೀಪದ ಜಾತಿಯದೇ. ಸೀರೆ ಕೊಳ್ಳಲು ಬಂದವರನ್ನು ಕಾಯಿಸಿ, ನೋಟಿನ ಜಾಗದಲ್ಲಿ ಕಲ್ಲು ಹರಡಿದೆ.

ಹೊಳೆಯಿತು! ತೆಳು ನೀಲಿ ಬಿಳುಪಾಗಿ, ಒಂದೊಂದು ಚೂರೂ ಹೊಳೆಯಿತು.

ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಕಲಿತ ಭೂವಿಜ್ಞಾನವನ್ನೆಲ್ಲ ಅಳಿಸಿ ಹೊಸದು ಬರೆದುಬಿಟ್ಟಿದ್ದೆ. ಗಟ್ಟಿ ಕಲ್ಲಿನ ಕೆಳಗೆ ಯಾರೂ ಕಾಣದ ಸಮುದ್ರವೊಂದು ಹುದುಗಿರಬಹುದು, ಬಿರುಕಿನ ದಾರಿ ಹಿಡಿದು ಎಣ್ಣೆ ಮೇಲೆ ಬಂದಿರಬಹುದು. ಹದಡಿಯ ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಪತ್ರಿಕೆಯವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಹೋದೆ. ಬಹಳ ವಿನಯದಿಂದಲೇ ಕೊಟ್ಟೆ.

ಅಕ್ಕ, ಭಾವ ಇಬ್ಬರೂ ಬೋರಿನ ತೊಟ್ಟಿಯ ಹತ್ತಿರವೇ ಇದ್ದರು. ಸುದ್ದಿ ಹೇಳಿದೆ. ಅಕ್ಕ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತಳು.

"ಹಂಗಾರೆ ಹೊಲ ಹೋತು ಅನ್ನು."

ದೇಶಕ್ಕೆ ಇದರಿಂದ ಎಷ್ಟು ಉಪಕಾರ ಎಂದು ವಿವರಿಸತೊಡಗಿದೆ. ಅವಳು ನನ್ನನ್ನು ದಿಟ್ಟಿಸಿದಳು.

"ಇಷ್ಟು ವರ್ಷ ದೇಶ ಎಲ್ಲಾ ಅಡ್ಡಾಡಿದಿ. ನನ್ನ ಹೊಲನೇ ಸಿಗ್ತೇನೋ ನಿಂಗೆ?"

ಭಾವ ಅವಳಿಗೆ ಧೈರ್ಯ ಹೇಳಲು ಬಂದರು. ಅವರ ಕೈಯಲ್ಲಿದ್ದ ಒಂದೇ ಧೈರ್ಯ ನನ್ನ ಹಿಂದಿನ ಚರಿತ್ರೆ. "ಸುಮ್ನಿರು ಮಾರಾಯ್ತಿ. ಇವ್ರು ಕೈ ಇಟ್ಟ ಕಡೆ ಯಾವತ್ತಾದ್ರೂ ಸಿಕ್ಕೈತಾ? ಇದೂ ಇರಂಗಿಲ್ಲ."

ಅಕ್ಕನಿಗೆ ಸಮಾಧಾನವಾಗಲಿಲ್ಲ. ನನ್ನ ಹೊಲ ನಾನೇ ಕೈಯಾರೆ ಒಪ್ಪಿಸಿದಂಗಾತು ಎಂದು ಗೊಣಗುತ್ತಾ, ಕೆಸರು ಕಲ್ಲು ಕಳಿಸಿದರೆ ದೊಡ್ಡ ಸಾಹೇಬನಾದ ತಮ್ಮ ಏನಂದುಕೊಂಡಾನು ಎಂದು ಅದನ್ನು ಅಷ್ಟು ತಿಕ್ಕಿ ತೊಳೆದೆನಲ್ಲ ಎಂದಳು.

"ಯಾತರಾಗ ತೊಳೆದೆ ಅಕ್ಕಾ?"

"ಸೋಪಿನ ಪುಡಿಯಾಗೆ. ನಿಮ್ಮ ಭಾವನ ಪಂಚೆ ಬೆಳ್ಳಗೆ ಮಾಡ್ತೈತಲ್ಲ, ಅದರಾಗೆ. ರಾತ್ರಿ ಎಲ್ಲಾ ನೆನೆ ಹಾಕಿದ್ದೆ."

ಬಟ್ಟೆ ಬೆಳ್ಳಗೆ ಕಾಣಲೆಂದು ಆ ಪುಡಿಗೆ ಬೆರೆಸುವ ವಸ್ತು ನೇರಳೆ ದೀಪದಲ್ಲಿ ಹೊಳೆಯುವಷ್ಟು ಚೆನ್ನಾಗಿ ಯಾವ ಎಣ್ಣೆಯೂ ಹೊಳೆಯುವುದಿಲ್ಲ. ನಾನು ಕಂಡುಹಿಡಿದದ್ದು ಭಾವನ ಪಂಚೆಯ ಬಿಳುಪು.

ಇನ್ನೊಂದು ಪರೀಕ್ಷೆ ಉಳಿದಿತ್ತು. ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲೇ ಕಲಿಸುವಂಥದ್ದು. ದೀಪ, ಡಬ್ಬಿ ಯಾವುದೂ ಬೇಡ. ನೀರಿನ ಮೇಲಿನ ಪೊರೆಯನ್ನು ಕಡ್ಡಿಯಿಂದ ಕದಡಬೇಕು. ಎಣ್ಣೆಯಾದರೆ ಸುರುಳಿ ಸುತ್ತಿ ಮತ್ತೆ ಕೂಡಿಕೊಳ್ಳುತ್ತದೆ. ನೀರಿನಲ್ಲಿರುವ ಕಬ್ಬಿಣದಿಂದ ಕಟ್ಟಿದ ಪೊರೆಯಾದರೆ ಒಡೆದು ಚೂರಾಗುತ್ತದೆ. ತೊಗರಿ ಕಟ್ಟಿಗೆಯೊಂದನ್ನು ಹಿಡಿದು ತೊಟ್ಟಿಯ ಮೇಲೆ ಬಗ್ಗಿದೆ. ಪಕ್ಕದಲ್ಲಿ ಅಕ್ಕನೂ ಬಗ್ಗಿದಳು. ಒಡೆಯಲಿ ಎಂದು ಅವಳು ಬೇಡುತ್ತಿದ್ದದ್ದು ತುಟಿಯ ಮೇಲೆಯೇ ಕಾಣುತ್ತಿತ್ತು. ಸೋಪಿನ ಪುಡಿಯ ಮಾತು ಕೇಳಿದ ಮೇಲೂ, ಕೂಡಿಕೊಳ್ಳಲಿ ಎಂದು ನಾನು ಬೇಡುತ್ತಿದ್ದೆ.

ಪೊರೆ ಹಪ್ಪಳದ ಹಾಗೆ ಒಡೆಯಿತು. ಚೂರುಗಳು ಒಂದೊಂದು ಕಡೆ ತೇಲಿಹೋದವು. ಎಷ್ಟು ಕಾದರೂ ಕೂಡಲಿಲ್ಲ.

"ನಾ ಹೇಳಲಿಲ್ವಾ?" ಎಂದ ಭಾವನ ದನಿಯಲ್ಲಿ ನನ್ನ ಬಗ್ಗೆ ನಿಜವಾದ ಹೆಮ್ಮೆಯಿತ್ತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ನೀರನ್ನು ಒಂದು ರಾತ್ರಿ ಬಿಟ್ಟು, ಮರಳಿನಲ್ಲಿ ಸೋಸಿ ಎಮ್ಮೆಗೆ ಇಡು, ನೀವು ಕುಡಿಯುವ ಮೊದಲು ಪರೀಕ್ಷೆಗೆ ಕೊಡಿಸು ಎಂದೆ. ಅಷ್ಟು ಹೇಳುವುದಕ್ಕೆ ಇಷ್ಟು ಆಟ ಆಡಿಸಿದೆಯಾ ಎಂದು ಅವಳು ಬೈಯಬಹುದಿತ್ತು. ಬೈಯಲಿಲ್ಲ. ನನ್ನ ಮುಖ ನೋಡಿ ಅವಳಿಗೆ ಏನೋ ಅನ್ನಿಸಿರಬೇಕು.

"ನಿಂಗೂ ಒಂದು ಸಲ ಸಿಗ್ಲಿ ಅಂತ ನಾನೂ ಬೇಡ್ಕಂತಿದ್ದೆ ತಮ್ಮಾ," ಎಂದಳು. "ಆದ್ರೆ ನನ್ನ ಹೊಲದಾಗ ಬ್ಯಾಡ."

ನನ್ನ ಕೈಯಿಂದ ಕಟ್ಟಿಗೆ ತೆಗೆದುಕೊಂಡು, ಉಳಿದ ಪೊರೆಯನ್ನು ತಾನೇ ಒಡೆಯುತ್ತಾ ಕೂತಳು.